ಚೌಕದೊಳಗಿನ ಚುಕ್ಕಿ

ಬಸ್ ಡಿಪೋದ ಗೇಟಿಗೆ ಅಂಟಿಕೊಂಡ ಹಾಗೆ ಒಂದು ಗಾಜಿನ ಕೋಣೆ. ಒಳಗೆ ಒಂದು ಮೇಜು, ಒಂದು ಗೋಡೆ ಗಡಿಯಾರ, ಎರಡು ಟೆಲಿಫೋನು. ಹನ್ನೊಂದು ವರ್ಷದಿಂದ ಅಲ್ಲಿ ಕೂರುತ್ತಿದ್ದವಳು ಟೈಮ್‌ಕೀಪರ್. ಯಾವ ಬಸ್ಸು ಎಷ್ಟಕ್ಕೆ ಹೊರಟಿತು, ಎಷ್ಟು ನಿಮಿಷ ತಡವಾಗಿ ಒಳಗೆ ಬಂತು ಎಂದು ಬರೆದಿಡುವುದು ಅವಳ ಕೆಲಸ. ಡ್ರೈವರುಗಳ ಬಾಯಲ್ಲಿ ಅವಳು 'ಟೈಮ್ ಮೇಡಂ'. ಅಷ್ಟು ವರ್ಷದಲ್ಲಿ ಅವರು ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ, "ಮೇಡಂ, ಎರಡು ನಿಮಿಷ ಅಡ್ಜಸ್ಟ್ ಮಾಡ್ಕೊಳ್ತೀರಾ?" ಅವಳು ಒಂದು ದಿನವೂ ಮಾಡಿಕೊಂಡಿರಲಿಲ್ಲ.

ಆ ಕೆಲಸ ಕೊಡಿಸಿದ್ದು ಅವಳ ಸೋದರಮಾವ. ಅದೇ ಡಿಪೋದಲ್ಲಿ ಹೆಡ್ ಮೆಕ್ಯಾನಿಕ್. ಅವಳ ಅಮ್ಮ ತೀರಿಕೊಂಡಾಗ ಅವಳಿಗೆ ಒಂಬತ್ತು. ಮಾವ ಒಂದು ಟ್ರಂಕು ಹೊತ್ತುಕೊಂಡು, ಇನ್ನೊಂದು ಕೈಯಲ್ಲಿ ಅವಳನ್ನು ಹಿಡಿದುಕೊಂಡು ತನ್ನ ಮನೆಗೆ ಕರೆತಂದಿದ್ದ. ಮಕ್ಕಳಿಲ್ಲದ ಅತ್ತೆ ಆ ದಿನವೇ ಅವಳ ತಲೆ ಬಾಚಿ ಎರಡು ಜಡೆ ಹಾಕಿದ್ದಳು. ಮುಂದೆ ಅವಳು ಓದಿದ್ದು, ಬೆಳೆದದ್ದು, ಕೆಲಸಕ್ಕೆ ಸೇರಿ ಎರಡು ಬೀದಿ ಆಚೆ ಸ್ವಂತ ಕೋಣೆ ಮಾಡಿಕೊಂಡಿದ್ದು, ಎಲ್ಲ ಆ ಮನೆಯ ನೆರಳಲ್ಲೇ. ಭಾನುವಾರದ ಊಟ ಈಗಲೂ ಅಲ್ಲೇ.

ಮೊಬೈಲಿನ ಒಂದು ಪರೀಕ್ಷೆಯನ್ನು ಡಿಪೋಗೆ ತಂದವನು 'ಹಾರನ್' ಎಂಬ ಅಡ್ಡಹೆಸರಿನ ಡ್ರೈವರ್. ಅವನು ಪಿಸುಗುಟ್ಟಿದರೂ ವರ್ಕ್‌ಶಾಪಿನ ತುದಿಗೆ ಕೇಳಿಸುತ್ತಿತ್ತು. ಒಂದು ಬೆಳಿಗ್ಗೆ ಕ್ಯಾಂಟೀನಿನಲ್ಲಿ ಮೊಬೈಲ್ ಎತ್ತಿ ಹಿಡಿದು, "ನಂದು ನೋಡ್ರಪ್ಪಾ, ಬಲಗಡೆ ಮೇಲೆ ಬಿದ್ದಿದೆ!" ಎಂದು ಕೂಗಿದ. ಏನು ಬಿದ್ದಿದೆ ಎಂದು ಯಾರಿಗೂ ತಿಳಿಯಲಿಲ್ಲ. ಅವನಿಗೂ ತಿಳಿದಿರಲಿಲ್ಲ. ನಿಮ್ಮ ರಾಜಕೀಯ ನಿಲುವು ಯಾವುದು ಎಂದು ಹೇಳುವ ಆನ್‌ಲೈನ್ ಪರೀಕ್ಷೆ ಅದು. ನಲವತ್ತು ಹೇಳಿಕೆ. ಒಂದೊಂದಕ್ಕೂ ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ಒಪ್ಪುವುದಿಲ್ಲ, ಖಂಡಿತ ಒಪ್ಪುವುದಿಲ್ಲ ಎಂಬ ನಾಲ್ಕರಲ್ಲಿ ಒಂದನ್ನು ಒತ್ತಬೇಕು. ಕೊನೆಗೆ ನಾಲ್ಕು ಮನೆ ಮಾಡಿದ ಒಂದು ಚೌಕ ಬರುತ್ತದೆ, ಅದರಲ್ಲಿ ಎಲ್ಲೋ ಒಂದು ಕಡೆ ಕೆಂಪು ಚುಕ್ಕಿ. ಆ ಚುಕ್ಕಿಯೇ ನೀವು.

ತಡವಾದ ಬಸ್ಸುಗಳ ನಕ್ಷೆಯನ್ನು ತಿಂಗಳು ತಿಂಗಳು ಬರೆಯುವ ಟೈಮ್ ಮೇಡಂಗೆ ಚೌಕ, ಗೆರೆ ಹೊಸದಲ್ಲ. ಟೀ ಲೋಟ ಪಕ್ಕಕ್ಕಿಟ್ಟು ವಿವರಿಸಿದಳು. ಎಡಕ್ಕೆ ಹೋದಷ್ಟೂ ಎಲ್ಲರದ್ದೂ ಎಲ್ಲರಿಗೂ ಅನ್ನುವವರು, ಬಲಕ್ಕೆ ಹೋದಷ್ಟೂ ಅವರವರದ್ದು ಅವರವರಿಗೆ ಅನ್ನುವವರು. ಮೇಲೆ ಹೋದಷ್ಟೂ ದೊಡ್ಡವರು ಹೇಳಿದ್ದನ್ನು ಕೇಳಬೇಕು ಅನ್ನುವವರು, ಕೆಳಗೆ ಬಂದಷ್ಟೂ ಯಾಕೆ ಕೇಳಬೇಕು ಅನ್ನುವವರು. ಹಾರನ್ ಮೀಸೆ ತೀಡಿಕೊಂಡ. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತು ಜನ ಮೊಬೈಲ್ ಹಿಡಿದು ಗಾಜಿನ ಕೋಣೆಯ ಮುಂದೆ ಸಾಲು ನಿಂತಿದ್ದರು. ಕ್ಯಾಂಟೀನಿನವನ ಚುಕ್ಕಿ ಸರಿಯಾಗಿ ನಡುವೆ ಬಿದ್ದಿತ್ತು.

"ಅದಕ್ಕೇ ನಿನ್ನ ಟೀ ಅತ್ತ ಬಿಸಿಯೂ ಅಲ್ಲ, ಇತ್ತ ತಣ್ಣಗೂ ಅಲ್ಲ," ಎಂದಳು ಅವಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತಾನು ಆಡಿದ ಮಾತಿಗೆ ಇಷ್ಟು ಜನ ನಕ್ಕದ್ದು ಅವಳಿಗೆ ನೆನಪಿರಲಿಲ್ಲ.

ವಾರ ಕಳೆಯುವಷ್ಟರಲ್ಲಿ ಡಿಪೋ ಮ್ಯಾನೇಜರ್ ಅವಳನ್ನು ಕರೆಸಿದ. ಹೊಸಬ, ನಯವಾದ ಮಾತಿನವನು, ಎದುರಿಗೆ ಬಂದವರನ್ನು ಕೂರಿಸದೆ ಮಾತಾಡುತ್ತಿರಲಿಲ್ಲ.

"ನೀವು ಚುಕ್ಕಿಗಳನ್ನ ಚೆನ್ನಾಗಿ ಓದ್ತೀರಂತೆ. ಮೇಲಿನ ಆಫೀಸಿನವರಿಗೂ ಅದರಲ್ಲಿ ಆಸಕ್ತಿ ಇದೆ. ಸಿಬ್ಬಂದಿಯ ಮನಸ್ಸು ತಿಳ್ಕೊಂಡರೆ ನಾಳೆ ಯಾರನ್ನ ಎಲ್ಲಿ ಹಾಕಬೇಕು ಅಂತ ಗೊತ್ತಾಗುತ್ತೆ ನೋಡಿ. ಅರವತ್ತನಾಲ್ಕು ಜನಾನೂ ತಗೊಳ್ಳಲಿ. ಒಬ್ಬೊಬ್ಬರ ಚುಕ್ಕಿ ಕೆಳಗೆ ನೀವು ಎರಡು ಸಾಲು ಬರೀರಿ. ನಿಮ್ಮ ಮಾತಲ್ಲೇ."

"ಇದರಿಂದ ಯಾರಿಗಾದರೂ ತೊಂದರೆ..."

"ಛೆ ಛೆ, ಆಟದ ಪರೀಕ್ಷೆ ಅಲ್ವಾ ಇದು?"

ಗಂಟೆ, ನಿಮಿಷ ಬಿಟ್ಟು ಬೇರೆ ಯಾವುದರ ಬಗ್ಗೆಯೂ ಆ ಕಟ್ಟಡದಲ್ಲಿ ಯಾರೂ ಅವಳ ಅಭಿಪ್ರಾಯ ಕೇಳಿರಲಿಲ್ಲ. ಕುರ್ಚಿಯಿಂದ ಏಳುವಾಗ ಬೆನ್ನು ತಾನಾಗಿ ನೆಟ್ಟಗಾಯಿತು. ಹಿಂದಿನ ವಾರ ತಾನೇ ಆ ಪರೀಕ್ಷೆಯನ್ನು ಮೂರು ಸಲ ತೆಗೆದುಕೊಂಡದ್ದು, ಮೊದಲೆರಡು ಸಲ ಚುಕ್ಕಿ ಬಿದ್ದ ಜಾಗ ಹಿಡಿಸದೆ ಉತ್ತರ ಬದಲಿಸಿದ್ದು ಆಗ ಅವಳ ನೆನಪಿಗೆ ಬರಲಿಲ್ಲ.

ಅರವತ್ತಮೂರು ಜನ ಮೂರು ದಿನದಲ್ಲಿ ಮುಗಿಸಿದರು. ಉಳಿದವನು ಮಾವ. ಅಂಗೈಯಗಲದ ಗಾಜಿನ ಮೇಲೆ ಇರುವೆಯಂಥ ಅಕ್ಷರ ಓದಲು ಅವನ ಕಣ್ಣಿಗಾಗದು, ಗ್ರೀಸ್ ಹತ್ತಿದ ಬೆರಳಿಗೆ ಗಾಜು ಸ್ಪಂದಿಸದು. ನಾಲ್ಕನೆಯ ದಿನ ಟೀ ವಿರಾಮದಲ್ಲಿ ಅವಳೇ ವರ್ಕ್‌ಶಾಪಿಗೆ ಹೋದಳು. ಮಾವ ಬಸ್ಸಿನ ಕೆಳಗಿನ ಹೊಂಡದಲ್ಲಿ ನಿಂತಿದ್ದ. ತಲೆ ಮಾತ್ರ ನೆಲದ ಮಟ್ಟಕ್ಕೆ ಕಾಣುತ್ತಿತ್ತು. ಅವಳು ಹೊಂಡದ ಅಂಚಿನಲ್ಲಿ ಟಯರೊಂದರ ಮೇಲೆ ಕುಕ್ಕರಿಸಿದಳು.

"ಮಾವ, ನಾನು ಓದ್ತೀನಿ, ನೀನು ಹೇಳು. ಇಪ್ಪತ್ತು ನಿಮಿಷ ಅಷ್ಟೆ."

"ಓದು ಕೂಸೇ. ಕಿವಿ ಖಾಲಿ ಇದೆ."

"ಕಾನೂನು ತಪ್ಪಾಗಿದ್ದರೂ ಅದನ್ನು ಪಾಲಿಸಬೇಕು."

ಮಾವ ಸ್ಪ್ಯಾನರ್ ಇಳಿಸಿದ. "ಈಗ ನೋಡು, ಇಷ್ಟು ಸಾವಿರ ಕಿಲೋಮೀಟರಿಗೆ ಬ್ರೇಕ್ ಲೈನರ್ ಬದಲಾಯಿಸು ಅಂತ ಪುಸ್ತಕದಲ್ಲಿದೆ. ಇಳಿಜಾರಿನ ರೂಟಿನ ಗಾಡಿಗೆ ಅದರ ಅರ್ಧಕ್ಕೇ ಸವೆದಿರುತ್ತೆ. ಪುಸ್ತಕ ನೋಡ್ಕೊಂಡು ಕೂತ್ರೆ ಜನ ಕಂದಕದಲ್ಲಿರ್ತಾರೆ. ಹಾಗಂತ ಪುಸ್ತಕ ಸುಡೋಕಾಗುತ್ತಾ? ಹೊಸ ಹುಡುಗರಿಗೆ ಪುಸ್ತಕ ಬೇಕು..."

ಅವಳು ಗಡಿಯಾರ ನೋಡಿಕೊಂಡಳು. 'ಖಂಡಿತ ಒಪ್ಪುವುದಿಲ್ಲ' ಒತ್ತಿದಳು.

"ಕಾರ್ಖಾನೆ ಅದರಲ್ಲಿ ದುಡಿಯುವವರ ಕೈಯಲ್ಲಿರಬೇಕು."

"ಜ್ಯಾಕ್ ಎಲ್ಲಿದೆ ಅಂತ ಯಾರಿಗೆ ಗೊತ್ತೋ ಅವರ ಹತ್ರ ವರ್ಕ್‌ಶಾಪಿನ ಬೀಗದ ಕೈ ಇರ್ಬೇಕಪ್ಪ. ಆದ್ರೆ ಬೀಗದ ಕೈ ಸಿಕ್ತು ಅಂತ ಎಲ್ಲರೂ ಯಜಮಾನರಾದ್ರೆ ನಟ್ ಬಿಗಿಯೋರು ಯಾರು?"

'ಪೂರ್ತಿ ಒಪ್ಪುತ್ತೇನೆ.' ಮಾವನ ಒಂದೊಂದು ಉತ್ತರಕ್ಕೂ 'ಆದ್ರೆ' ಎಂಬ ಬಾಲವಿತ್ತು. ಮೊಬೈಲಿನಲ್ಲಿ 'ಆದ್ರೆ'ಗೆ ಗುಂಡಿ ಇರಲಿಲ್ಲ. ಹದಿನೈದು ಪ್ರಶ್ನೆ ಆಗುವಷ್ಟರಲ್ಲಿ ಅವಳು ಬಾಲ ಬರುವ ಮೊದಲೇ ಒತ್ತತೊಡಗಿದ್ದಳು. ಕೊನೆಯ ಹತ್ತನ್ನು ಓದಲೂ ಇಲ್ಲ. ಮಾವ ಏನು ಹೇಳುತ್ತಾನೆಂದು ತನಗೆ ಗೊತ್ತಿಲ್ಲವೇ? ಅವನ ಕೈಯಲ್ಲಿ ಬೆಳೆದವಳು ತಾನು.

ಚುಕ್ಕಿ ಕೆಳಗಿನ ಎಡ ಮೂಲೆಗೆ ಹೋಗಿ ಕೂತಿತು. ಡಿಪೋದಲ್ಲಿ ಇನ್ಯಾರದ್ದೂ ಅಷ್ಟು ದೂರ ಹೋಗಿರಲಿಲ್ಲ. ಅವಳಿಗೆ ಒಳಗೊಳಗೇ ಹೆಮ್ಮೆಯಾಯಿತು. ಸಂಜೆ ಅದರ ಕೆಳಗೆ ಬರೆದಳು: 'ಮೇಲಿನವರ ಮಾತನ್ನು ಯೋಚಿಸದೆ ಒಪ್ಪುವವರಲ್ಲ.' ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮ್ಯಾನೇಜರನಿಗೆ ತನ್ನ ಮಾವನ ಬೆಲೆ ತಿಳಿಯಲಿ ಅನ್ನಿಸಿತು. ಇನ್ನೊಂದು ಸಾಲು ಸೇರಿಸಿದಳು: 'ಇವರು ಹೇಳಿದರೆ ಇಡೀ ವರ್ಕ್‌ಶಾಪ್ ಕೇಳುತ್ತದೆ.' ಅದನ್ನು ಯಾವ ಚುಕ್ಕಿಯೂ ಹೇಳಿರಲಿಲ್ಲ.

ಕ್ಯಾಂಟೀನಿನವನ ಚುಕ್ಕಿಗೆ, 'ಅಡ್ಡಗೋಡೆಯ ಮೇಲಿನ ದೀಪ. ಯಾವ ಕಡೆಯವರೆಂದು ಹೇಳಲಾಗದು' ಎಂದು ಬರೆದು, ತನ್ನ ಚಮತ್ಕಾರಕ್ಕೆ ತಾನೇ ನಕ್ಕಳು. ಅರವತ್ತನಾಲ್ಕು ಹಾಳೆಗಳನ್ನು ದಾರ ಪೋಣಿಸಿ ಕಟ್ಟಿ ಮ್ಯಾನೇಜರನ ಮೇಜಿನ ಮೇಲಿಟ್ಟು ಬಂದಳು.

ಮೂರು ವಾರ ಏನೂ ಆಗಲಿಲ್ಲ. ನಾಲ್ಕನೆಯ ವಾರದ ಸೋಮವಾರ, ಎಂಟೂ ಹತ್ತರ ಬಸ್ಸು ಹೊರಡುವ ಹೊತ್ತಿಗೆ, ಮಾವ ಕೈಯಲ್ಲಿ ಊಟದ ಡಬ್ಬಿ ಹಿಡಿದು ಗೇಟಿನ ಕಡೆ ನಡೆದುಬರುವುದು ಗಾಜಿನಾಚೆ ಕಾಣಿಸಿತು. ಒಳಗೆ ಹೋಗಿ ಅರ್ಧ ಗಂಟೆಯೂ ಆಗಿರಲಿಲ್ಲ. ಅವಳು ಹೊರಗೆ ಓಡಿದಳು.

"ಏನಾಯ್ತು ಮಾವ? ಮೈ ಹುಷಾರಿಲ್ವಾ?"

"ಬೀಗದ ಕೈ ಕೊಟ್ಟು ಮನೆಗೆ ಹೋಗಿ ಅಂದ್ರು. ವಿಚಾರಣೆ ಅಂತೆ. ಡಿಪೋದಲ್ಲಿ ಜನಾನ ಎತ್ತಿಕಟ್ಟೋ ಸ್ವಭಾವ ಇದೆಯಂತೆ ನಂಗೆ." ಮಾವ ಡಬ್ಬಿಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ. "ನಾನು ಯಾರನ್ನ ಎತ್ತಿಕಟ್ಟಿದೀನಿ ಹೇಳು? ಎತ್ತಿದ್ರೆ ಗೇರ್‌ಬಾಕ್ಸ್ ಎತ್ತಿರ್ಬೇಕು."

ಅವನು ನಕ್ಕ. ಅವಳು ನೇರ ಮ್ಯಾನೇಜರನ ಕೋಣೆಗೆ ನಡೆದಳು. ಎಂಟೂ ಹತ್ತರ ಬಸ್ಸು ಹೊರಟದ್ದನ್ನು ಆ ದಿನ ಅವಳು ಬರೆದುಕೊಳ್ಳಲಿಲ್ಲ.

ಮ್ಯಾನೇಜರ್ ಎಂದಿನಂತೆ ಕೂರಿಸಿದ. ನೀರು ತರಿಸಿದ. ಪಕ್ಕದೂರಿನ ಡಿಪೋದಲ್ಲಿ ಹೋದ ವರ್ಷ ಮುಷ್ಕರ ಆಯಿತಲ್ಲ, ಅಂಥದ್ದು ಇಲ್ಲಿ ಆಗಬಾರದು ಅಂತ ಮೇಲಿನವರು ಎಚ್ಚರ ವಹಿಸುತ್ತಿದ್ದಾರೆ, ತನ್ನ ಕೈಯಲ್ಲಿ ಏನಿದೆ ಎಂದ. ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಒತ್ತಿದ್ದು ತಾನು, ಮಾವನ ಮಾತು ಪೂರ್ತಿ ಕೇಳಲಿಲ್ಲ, ಕೊನೆಯ ಹತ್ತು ಓದಲೇ ಇಲ್ಲ.

"ಒತ್ತಿದ್ದು ನೀವಿರಬಹುದು. ಈ ಎರಡನೇ ಸಾಲು? 'ಇವರು ಹೇಳಿದರೆ ಇಡೀ ವರ್ಕ್‌ಶಾಪ್ ಕೇಳುತ್ತದೆ.' ಇದು ಸುಳ್ಳಾ?"

ಸುಳ್ಳಲ್ಲ.

"ವಿಚಾರಣೇಲಿ ಹೇಳಿ," ಎಂದ ಅವನು ಸಮಾಧಾನದಿಂದ. "ನಿಮ್ಮ ಮಾತಿಗೆ ಬೆಲೆ ಇದೆ."

ಆ ಸಂಜೆ ಅವಳು ಮಾವನ ಮನೆಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಅತ್ತೆ ಬಟ್ಟೆ ಮಡಿಸುತ್ತಿದ್ದವಳು ಹಾಗೇ ನಿಂತಳು. ಮಾವ ತನ್ನ ಉಗುರಿನ ಸಂದಿಯ ಕಪ್ಪನ್ನು ಕೆರೆದ. "ನಿನಗೆ ಬೇಗ ಹೋಗ್ಬೇಕಿತ್ತಲ್ಲ," ಎಂದ. "ನಾನೂ ಮಾತು ಉದ್ದ ಮಾಡ್ತೀನಿ." ಅವನು ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ವಿಚಾರಣೆ ನಡೆದದ್ದು ಮಹಡಿಯ ತರಬೇತಿ ಕೋಣೆಯಲ್ಲಿ. ಹಸಿರು ಹಲಗೆಯ ಮೇಲೆ ಹಳೆಯ ಪಾಠದ ಕ್ಲಚ್ಚಿನ ಚಿತ್ರ ಅಳಿಸದೆ ಹಾಗೇ ಇತ್ತು. ಮುಖ್ಯ ಕಚೇರಿಯಿಂದ ಬಂದ ವಿಚಾರಣಾಧಿಕಾರಿ ವಯಸ್ಸಾದವನು. ಗಂಟಲು ಕೆಟ್ಟಿದ್ದರಿಂದ ಮಾತು ಮಾತಿಗೂ ಬಿಸಿನೀರು ಕುಡಿಯುತ್ತಿದ್ದ. ಅವಳು ಎದ್ದು ನಿಂತು, ಆ ಉತ್ತರಗಳು ಮಾವನವಲ್ಲ, ತನ್ನವು ಎಂದು ಹೇಳಿದಳು. ಬರೆದುಕೊಟ್ಟಳು. ಸಹಿ ಹಾಕಿದಳು.

ಅಧಿಕಾರಿ ಕಾಗದ ಓದಿ ತಲೆದೂಗಿದ. "ಹಾಗಿದ್ದರೆ ಅನ್ಯಾಯ ಆಗಬಾರದು. ಇನ್ನೊಂದು ಸಲ ತಗೊಳ್ಳೋಣ. ನಾನೇ ಓದ್ತೀನಿ. ಎಷ್ಟು ಹೊತ್ತು ಬೇಕಾದರೂ ತಗೊಳ್ಳಿ, ಯಜಮಾನರೇ."

ಅವನು ಮಾತಿಗೆ ತಪ್ಪಲಿಲ್ಲ. ಒಂದೊಂದು ಹೇಳಿಕೆಯನ್ನೂ ಎರಡೆರಡು ಸಲ ಓದಿದ. ಬ್ರೇಕ್ ಲೈನರಿನ ಕಥೆಯನ್ನು ಪೂರ್ತಿ ಕೇಳಿಸಿಕೊಂಡು, "ಅಂದರೆ ಒಪ್ಪುತ್ತೀರೋ ಇಲ್ಲವೋ?" ಎಂದು ಕಾದ. ಮಾವ ಕಣ್ಣು ಮುಚ್ಚಿ ಯೋಚಿಸಿ, ಒಮ್ಮೆ ಒಪ್ಪುತ್ತೇನೆ, ಒಮ್ಮೆ ಒಪ್ಪುವುದಿಲ್ಲ ಎಂದ. 'ಪೂರ್ತಿ' ಎಂದಾಗಲಿ 'ಖಂಡಿತ' ಎಂದಾಗಲಿ ಒಂದು ಸಲವೂ ಅನ್ನಲಿಲ್ಲ. ಎರಡು ಗಂಟೆ ಹಿಡಿಯಿತು. ತಾನು ಇಪ್ಪತ್ತು ನಿಮಿಷದಲ್ಲಿ ಮುಗಿಸಿದ್ದ ಮನುಷ್ಯ ಹೀಗಿದ್ದಾನೆಂದು ಅವಳಿಗೆ ಆವತ್ತೇ ತಿಳಿದದ್ದು. ಅಪರಾಧಿಗೆ ಶಿಕ್ಷೆ ಇರಬೇಕೇ ಎಂಬಲ್ಲಿ ಮಾವ ತಾನು ಕದ್ದು ಸಿಕ್ಕಿಬಿದ್ದ ಸಣ್ಣ ವಯಸ್ಸಿನ ಒಂದು ಸಂಗತಿ ಹೇಳಿದ. ಅದು ಅತ್ತೆಗೂ ಗೊತ್ತಿರಲಾರದು.

ಚುಕ್ಕಿ ಬಂತು. ಚೌಕದ ನಟ್ಟನಡುವೆ, ಗೆರೆಗಳು ಕೂಡುವಲ್ಲಿ.

ಅವಳ ಕಣ್ಣು ತುಂಬಿತು. ಗೆದ್ದೆವು ಅಂದುಕೊಂಡಳು. ಮಾವ ಅವಳ ಮುಖ ನೋಡಿ, ಒಳ್ಳೆಯದೇ ಆಗಿರಬೇಕು ಎಂದು ತಾನೂ ಸ್ವಲ್ಪ ನಕ್ಕ.

ಅಧಿಕಾರಿ ಬಿಸಿನೀರು ಕುಡಿದು, ದಾರ ಕಟ್ಟಿದ ಆ ಕಡತವನ್ನು ಬಿಚ್ಚಿದ. ಹಾಳೆ ತಿರುವುತ್ತ ಹೋಗಿ ಒಂದು ಕಡೆ ಬೆರಳಿಟ್ಟ. "ನಡುವೆ ಬಿದ್ದವರ ಬಗ್ಗೆ ನೀವೇ ಬರೆದಿದ್ದೀರಿ, ಮೇಡಂ. 'ಅಡ್ಡಗೋಡೆಯ ಮೇಲಿನ ದೀಪ. ಯಾವ ಕಡೆಯವರೆಂದು ಹೇಳಲಾಗದು.' ಚೆನ್ನಾಗಿ ಬರೆದಿದ್ದೀರಿ."

"ಅದು ತಮಾಷೆಗೆ ಬರೆದದ್ದು ಸಾರ್! ಕ್ಯಾಂಟೀನಿನವನಿಗೆ."

"ಕ್ಯಾಂಟೀನಿನವನು ಟೀ ಮಾಡ್ತಾನೆ, ನಡೆಯುತ್ತೆ. ಇವರ ಮಾತನ್ನ ವರ್ಕ್‌ಶಾಪಿನ ಮೂವತ್ತು ಜನ ಕೇಳ್ತಾರೆ. ಮೊದಲು ಒಂದು ಮೂಲೇಲಿದ್ದವರು, ವಿಚಾರಣೆ ಅಂದ ತಕ್ಷಣ ನಡುವಿಗೆ ಬಂದಿದ್ದಾರೆ. ಮೂಲೇಲಿ ಕೂತವನನ್ನಾದರೂ ನಂಬಬಹುದು, ಅವನು ಎಲ್ಲಿದ್ದಾನೆ ಅಂತ ಗೊತ್ತಿರುತ್ತೆ."

ಮಾವ ಕೈಯೆತ್ತಿದ, ಶಾಲೆಯ ಮಕ್ಕಳ ಹಾಗೆ.

"ಸಾರ್, ಒಂದು ಕೇಳ್ಲಾ? ಎಲ್ಲಿ ಬಿದ್ದಿದ್ರೆ ಸರಿ ಹೋಗ್ತಿತ್ತು?"

"ಅದನ್ನ ಹೇಳೋ ಹಾಗಿಲ್ಲ ಯಜಮಾನರೇ," ಎಂದ ಅಧಿಕಾರಿ. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. "ಹೇಳಿದರೆ ಎಲ್ಲರೂ ಹೋಗಿ ಅಲ್ಲೇ ಬೀಳ್ತಾರೆ."

ಮಾವನನ್ನು ತೆಗೆದುಹಾಕಿದ ಆದೇಶ ಹನ್ನೆರಡನೆಯ ದಿನ ಬಂತು. ಒಂದು ಹಾಳೆ, ನಾಲ್ಕು ಸಾಲು. ವರ್ಕ್‌ಶಾಪಿನಲ್ಲಿ ಯಾರೂ ಚಕಾರವೆತ್ತಲಿಲ್ಲ. ಎತ್ತಿದರೆ ಮಾವನ ಮಾತಿಗೆ ಮೂವತ್ತು ಜನ ಕುಣಿಯುತ್ತಾರೆ ಎಂಬುದು ನಿಜವಾಗುತ್ತಿತ್ತು, ಎತ್ತದಿದ್ದರೆ ಆದೇಶವನ್ನು ಒಪ್ಪಿದಂತಾಗುತ್ತಿತ್ತು. ಅವರು ಸುಮ್ಮನಿದ್ದರು. ಹಾರನ್ ಸಹ ಆ ವಾರವೆಲ್ಲ ಸನ್ನೆಯಲ್ಲೇ ಟೀ ಕೇಳಿದ.

ಭಾನುವಾರ ಅವಳು ಹೋದಾಗ ಅತ್ತೆ ಬಾಗಿಲು ತೆರೆದಳು. ಒಳಗೆ ಬಾ ಅನ್ನಲಿಲ್ಲ.

"ಅವರು ನಿನ್ನ ಬಗ್ಗೆ ಒಂದು ಮಾತೂ ಆಡಿಲ್ಲ," ಎಂದಳು ಅತ್ತೆ. "ಆಡೋದೂ ಇಲ್ಲ. ಅದಕ್ಕೇ ನಾನು ಆಡ್ತೀನಿ. ಮೂವತ್ತೊಂದು ವರ್ಷ ಜೊತೆಗಿದ್ದೀನಿ. ಆ ಮನುಷ್ಯ ಏನು ಯೋಚಿಸ್ತಾರೆ ಅಂತ ಒಂದು ಸಲವೂ ನಾನೇ ಹೇಳಿಬಿಟ್ಟಿಲ್ಲ, ಕೇಳಿದೀನಿ. ನೀನು ಕೇಳ್ದೇನೇ ಹೇಳಿಬಿಟ್ಟೆ."

"ತಪ್ಪಾಯ್ತು ಅತ್ತೆ."

"ತಪ್ಪು ನಮ್ಮನೇಲಿ ಆಗಿದ್ರೆ ನಮ್ಮನೇಲೇ ಸರಿ ಮಾಡ್ಕೋತಿದ್ವಿ. ಕಾಗದದಲ್ಲಿ ಆಗಿದೆ. ನಾನೇನು ಮಾಡ್ಲಿ ಅದಕ್ಕೆ?"

ಒಳಗಿನಿಂದ ಮಾವನ ದನಿ ಬಂತು, "ಯಾರದು? ಕೂಸಾ? ಊಟಕ್ಕೆ ಕರಿ." ಅತ್ತೆ ಬಾಗಿಲಿನಿಂದ ಸರಿದಳು. ಅವಳು ಊಟ ಮಾಡಿದಳು. ಮುಂದಿನ ಭಾನುವಾರವೂ ಹೋದಳು. ಆಮೇಲೂ ಹೋದಳು. ಅತ್ತೆ ಬಡಿಸುತ್ತಿದ್ದಳು, ಇನ್ನೂ ಸ್ವಲ್ಪ ಬೇಕೇ ಎಂದು ಮಾತ್ರ ಕೇಳುತ್ತಿರಲಿಲ್ಲ.

ಮಾವನಿಗೆ ಎರಡು ತಿಂಗಳ ಮೇಲೆ ಊರ ಹೊರಗಿನ ಗುಜರಿ ಅಂಗಳದಲ್ಲಿ ಕೆಲಸ ಸಿಕ್ಕಿತು. ಓಡುವುದು ನಿಲ್ಲಿಸಿದ ಬಸ್ಸು, ಲಾರಿಗಳನ್ನು ಗ್ಯಾಸ್ ಕಟ್ಟರಿನಿಂದ ತುಂಡು ಮಾಡುವುದು. ಒಂದು ಸಲ ಅವಳು ಅಲ್ಲಿಗೆ ಹೋಗಿದ್ದಳು. ಮಾವ ಒಂದು ಹಳೆಯ ಬಸ್ಸಿನ ಪಕ್ಕೆಯನ್ನು ಕೊಯ್ಯುತ್ತಿದ್ದ. ಕಿಡಿ ಹಾರುವಾಗ ಮುಖ ಆಚೆ ತಿರುಗಿಸುತ್ತಿದ್ದ. ಅದರ ಮೇಲಿನ ನಂಬರು ಅವಳಿಗೆ ಬಾಯಿಪಾಠ. ಆರು ವರ್ಷ ಅದರ ಹೋಗುವ ಬರುವ ಹೊತ್ತು ಬರೆದಿದ್ದಳು. ಅವಳು ಬಂದದ್ದನ್ನು ಮಾವ ನೋಡಿದನೋ ಇಲ್ಲವೋ, ಅವಳು ನಿಲ್ಲದೆ ಹಿಂತಿರುಗಿದಳು.

ಡಿಪೋದಲ್ಲಿ ಅವಳ ಗೌರವ ಹೆಚ್ಚಿತ್ತು. ಅದು ಎಲ್ಲಕ್ಕಿಂತ ಕೆಟ್ಟದಾಗಿತ್ತು. ಅವಳು ಕ್ಯಾಂಟೀನಿಗೆ ಕಾಲಿಟ್ಟರೆ ಕುರ್ಚಿ ಖಾಲಿಯಾಗುತ್ತಿತ್ತು, ಮಾತು ನಿಲ್ಲುತ್ತಿತ್ತು. ಯಾರೋ ಒಬ್ಬರು ಹವಾಮಾನದ ಬಗ್ಗೆ ಶುರು ಮಾಡಿ, ಬಿಸಿಲು ಜಾಸ್ತಿ ಅನ್ನುವುದೋ ಕಡಿಮೆ ಅನ್ನುವುದೋ ತಿಳಿಯದೆ ಅರ್ಧಕ್ಕೇ ಬಿಡುತ್ತಿದ್ದರು. ಕ್ಯಾಂಟೀನಿನವನು ಅವಳಿಗೆ ಕುದಿಕುದಿಯುವ ಟೀ ಕೊಡತೊಡಗಿದ. ಎರಡು ನಿಮಿಷ ಅಡ್ಜಸ್ಟ್ ಮಾಡಿಕೊಳ್ಳಿ ಎಂದು ಯಾರೂ ಕೇಳಲಿಲ್ಲ.

ಆರನೆಯ ತಿಂಗಳು ಮ್ಯಾನೇಜರ್ ಮತ್ತೆ ಕರೆಸಿದ. ಇನ್ನೊಂದು ಡಿಪೋದ ನೂರಹದಿನೆಂಟು ಜನರ ಚುಕ್ಕಿಗಳು ಬಂದಿದ್ದವು. ಮಹಡಿಯ ಮೇಲೆ ಅವಳಿಗೆ ಬೇರೆ ಕೋಣೆ ಮಾಡಿಕೊಡುವ ಮಾತಿತ್ತು.

ಅವಳು ಹಾಳೆಗಳನ್ನು ತೆಗೆದುಕೊಂಡು ಹೋಗಿ, ಮೂರು ದಿನ ಕೂತು, ನೂರಹದಿನೆಂಟರ ಕೆಳಗೂ ಒಂದೇ ಸಾಲು ಬರೆದಳು: 'ಈ ಚುಕ್ಕಿಯಿಂದ ಈ ಮನುಷ್ಯನ ಬಗ್ಗೆ ನನಗೆ ಏನೂ ತಿಳಿಯಲಿಲ್ಲ.' ಒಂದೊಂದರ ಕೆಳಗೂ ಸಹಿ ಹಾಕಿದಳು. ಏನೋ ದೊಡ್ಡದು ಮಾಡಿದೆನೆಂಬ ಭಾವನೆ ಬರಲಿಲ್ಲ. ಕೈ ನೋಯುತ್ತಿತ್ತು, ಅಷ್ಟೆ.

ಮ್ಯಾನೇಜರ್ ಮೊದಲ ಹತ್ತು ಹಾಳೆ ತಿರುವಿ, ಕಡತ ಮುಚ್ಚಿ, "ಪಾಪ, ದಣಿದಿದ್ದೀರಿ," ಎಂದ. ವಾರದೊಳಗೆ ಟಿಕೆಟ್ ವಿಭಾಗದ ಒಬ್ಬನಿಗೆ ಆ ಕೆಲಸ ಹೋಯಿತು. ಅವನ ಬರವಣಿಗೆ ಇನ್ನೂ ಚೊಕ್ಕ ಎಂದು ಜನ ಹೇಳಿದರು. ಅವಳನ್ನು ಗಾಜಿನ ಕೋಣೆಯಿಂದ ತೆಗೆದು, ಬಸ್ಸುಗಳಲ್ಲಿ ಪ್ರಯಾಣಿಕರು ಮರೆತುಹೋದ ಸಾಮಾನು ಇಡುವ ಹಿಂಬದಿಯ ಕೋಣೆಗೆ ಹಾಕಿದರು. ಅವಳು ನೂರಹದಿನೆಂಟು ಸಹಿ ಹಾಕಿದ ಸಂಗತಿ ಯಾರ ಕಿವಿಗೂ ಬೀಳಲಿಲ್ಲ. ಅವಳನ್ನು ಅಲ್ಲಿ ಕೂರಿಸಿರುವುದೂ ಏನೋ ಕಾರಣಕ್ಕೇ ಇರಬೇಕು, ಹುಷಾರು, ಎಂದು ಡಿಪೋ ತನ್ನೊಳಗೇ ಮಾತಾಡಿಕೊಂಡಿತು.

ಮೊದಲ ದಿನ ಮಧ್ಯಾಹ್ನ ಹಾರನ್ ಒಂದು ಛತ್ರಿ ತಂದು ಮೇಜಿನ ಮೇಲಿಟ್ಟ. ಅವಳು ಫಾರಂ ತೆಗೆದಳು.

"ಯಾವ ಸೀಟಲ್ಲಿ ಸಿಕ್ತು?"

ಅವನು ಬಾಗಿಲಿನ ಕಡೆ ನೋಡಿದ. "ಹಿಂದೆ... ಎಡಗಡೆ..." ಎಂದವನು ತಟ್ಟನೆ ನಾಲಿಗೆ ಕಚ್ಚಿಕೊಂಡ. "ಎಡ ಬಲ ನಂಗೆ ಸರಿಯಾಗಿ ನೆನಪಿಲ್ಲ ಮೇಡಂ. ನಾನು ಏನೂ ಹೇಳಿಲ್ಲ. ನೀವೇ ನೋಡಿ ಬರ್ಕೊಳ್ಳಿ."

"ಛತ್ರಿ ಕಣೋ ಇದು," ಎಂದಳು ಅವಳು.

ಅಷ್ಟರಲ್ಲಿ ಅವನು ಅಂಗಳದ ಅರ್ಧ ದಾಟಿದ್ದ. ಅವಳು ಫಾರಂ ಎದುರಿಗಿಟ್ಟುಕೊಂಡು ಕೂತಳು. ಬಣ್ಣ ಕಪ್ಪು ಎಂದು ಬರೆದಳು. ಎಲ್ಲಿ ಸಿಕ್ಕಿತು ಎಂಬ ಜಾಗವನ್ನು ಖಾಲಿ ಬಿಟ್ಟಳು.